ಹಳೆಯ ಕಮಾರೊಗೆ ಬದಲಿ ಬ್ಲಾಕ್: ಕಬ್ಬಿಣದ ಮೇಲಿನ ಅಂಕಿಗಳನ್ನು ಓದುವ ಬಗೆ

1969ರ ಷೆವರ್ಲೆ ಕಮಾರೊ ಕಾರನ್ನು ಜೀರ್ಣೋದ್ಧಾರ ಮಾಡಲು ಹೊರಟವರಲ್ಲಿ ಹಲವರು ಎಂಜಿನ್ ಬ್ಲಾಕ್ (ಸಿಲಿಂಡರುಗಳಿರುವ ಎರಕದ ಕಬ್ಬಿಣದ ಒಡಲು) ಕೊಳ್ಳುವಾಗಲೇ ಎಡವುತ್ತಾರೆ. ಅಮೆರಿಕದ ಹಳೆಯ ಬಿಡಿಭಾಗಗಳ ಸಂತೆಗಳಲ್ಲಿ ‘ಇದು 69ರ 350, ನಾಲ್ಕು ಬೋಲ್ಟಿನದು’ ಎಂದು ಮಾರುವವನು ಹೇಳುತ್ತಾನೆ. (350 ಎಂದರೆ ಘನ ಇಂಚುಗಳಲ್ಲಿ ಎಂಜಿನ್ನಿನ ಗಾತ್ರ.) ಕೊಳ್ಳುವವರು ಬ್ಲಾಕಿನ ಹಿಂಬದಿಯ ಒಂದೇ ಒಂದು ಸಂಖ್ಯೆಯನ್ನು ಮೊಬೈಲಿನಲ್ಲಿ ಹುಡುಕಿ, ತೃಪ್ತರಾಗಿ ಹಣ ಎಣಿಸಿ ಕೊಡುತ್ತಾರೆ. ಷೆವರ್ಲೆಯ ‘ಸ್ಮಾಲ್ ಬ್ಲಾಕ್’ ವಿ-8 ಎಂಜಿನ್ 1955ರ ಮಾದರಿಯೊಂದಿಗೆ ಬಂದದ್ದು, ಮುಂದಿನ ಹಲವು ದಶಕಗಳ ಕಾಲ ಅದರ ಹೊರರೂಪ ಹೆಚ್ಚು ಬದಲಾಗಲಿಲ್ಲ. ಆದ್ದರಿಂದ ನೋಟಕ್ಕೆ ಒಂದೇ ತೆರನಾದ ಬ್ಲಾಕುಗಳಲ್ಲಿ ನಿಮ್ಮದು ಯಾವುದೆಂದು ತಿಳಿಯಬೇಕಾದರೆ ಕನಿಷ್ಠ ಮೂರು ಗುರುತುಗಳನ್ನು ಒಂದರೊಡನೊಂದು ತಾಳೆ ನೋಡಲೇಬೇಕು.

ಹಂತ 1: ಅಗತ್ಯವನ್ನು ನಿರ್ಧರಿಸಿ

ಕಾರಿನೊಂದಿಗೇ ಕಾರ್ಖಾನೆಯಿಂದ ಹೊರಬಂದ ಮೂಲ ಬ್ಲಾಕ್ ಬೇಕೇ, ಕಾರಿನ ತಯಾರಿಕೆಯ ದಿನಕ್ಕೆ ಹೊಂದುವ ಅದೇ ಕಾಲದ ಬ್ಲಾಕ್ ಸಾಕೇ, ಅಥವಾ ಜಾಗಕ್ಕೆ ಕೂತು ಓಡಿದರೆ ಸಾಕೇ? ಮೊದಲನೆಯದು ಜಗತ್ತಿನಲ್ಲಿ ಒಂದೇ ಇರುತ್ತದೆ. ವಾರಾಂತ್ಯದ ಸವಾರಿಗಷ್ಟೇ ಕಾರು ಬೇಕಾಗಿರುವವರು ದಿನಾಂಕಕ್ಕಾಗಿ ಹೆಚ್ಚುವರಿ ಹಣ ಸುರಿಯುವುದು ವ್ಯರ್ಥ ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಹಣ ಮೆಷಿನ್ ಶಾಪಿನ ಕೆಲಸಕ್ಕೆ ಹೋಗಲಿ.

ಹಂತ 2: ಗುರುತುಗಳನ್ನು ಶುಚಿಗೊಳಿಸಿ

ಎರಕದಲ್ಲೇ ಉಬ್ಬಿ ಬಂದಿರುವ ಅಂಕಿಗಳನ್ನು ತಂತಿ ಬ್ರಷ್‌ನಿಂದ ಉಜ್ಜಿ, ಮೇಲೆ ಸೀಮೆಸುಣ್ಣ ಸವರಿದರೆ ಅವು ಸ್ಪಷ್ಟವಾಗುತ್ತವೆ. ಆದರೆ ಒತ್ತಿ ಮೂಡಿಸಿದ ಮುದ್ರೆಗಳಿರುವ ನಯವಾದ ಪಟ್ಟಿಗೆ ಬ್ರಷ್, ಉಪ್ಪುಕಾಗದ, ಗ್ರೈಂಡರ್ ಯಾವುದನ್ನೂ ತಾಗಿಸಬಾರದು. ಅಲ್ಲಿ ಬಣ್ಣ ಕರಗಿಸುವ ದ್ರಾವಣ ಮತ್ತು ಮೆತ್ತನೆಯ ಬಟ್ಟೆ ಮಾತ್ರ ಸಾಕು.

ಹಂತ 3: ಎರಕದ ಸಂಖ್ಯೆಯನ್ನು ಓದಿ

ಗೇರ್‌ಬಾಕ್ಸ್ ಕೂರುವ ಹಿಂಬದಿಯ ಅಂಚಿನ ಮೇಲೆ, ಚಾಲಕನ ಬದಿಯಲ್ಲಿ, ಏಳು ಅಂಕಿಯ ಸಂಖ್ಯೆಯೊಂದು ಇರುತ್ತದೆ. ಚಾಲಕನ ಬದಿ ಎಂದರೆ ಅಮೆರಿಕದ ಕಾರಿನಲ್ಲಿ ಎಡಬದಿ. ನಮ್ಮ ಊರಿನ ರೂಢಿಯಲ್ಲಿ ಬಲಕ್ಕೆ ಹುಡುಕುವವರು ಇದನ್ನು ನೆನಪಿಡಬೇಕು. ಸಂತೆಯಲ್ಲಿ ಅತಿ ಹೆಚ್ಚು ಕಾಣಸಿಗುವ ಸಂಖ್ಯೆ 3970010. ಗ್ರೀಸು ಮೆತ್ತಿದ ಬ್ಲಾಕಿನ ಮೇಲೆ 3970020 ಕೂಡ ಹಾಗೆಯೇ ಕಾಣುತ್ತದೆ, ಆದರೆ ಅದು ಚಿಕ್ಕ ಬೋರಿನ, ಅಂದರೆ ಸಿಲಿಂಡರಿನ ಒಳವ್ಯಾಸ ಚಿಕ್ಕದಾದ, 307 ಎಂಜಿನ್ನಿನದು.

3970010 ಎಂಬುದು ಸರಿಯಾಗಿದ್ದರೂ ಅದು ತಿಳಿಸುವುದು ಸ್ವಲ್ಪವೇ. ಈ ಎರಕ 1969ರಲ್ಲಿ ಶುರುವಾಗಿ ಸುಮಾರು ಒಂದು ದಶಕ ಬಳಕೆಯಲ್ಲಿತ್ತು, ಕಾರಿಗೂ ಹೋಯಿತು, ಟ್ರಕ್ಕಿಗೂ ಹೋಯಿತು. ಎಂಜಿನ್ನಿನ ತಿರುಗುವ ದಂಡವಾದ ಕ್ರ್ಯಾಂಕ್‌ಶಾಫ್ಟನ್ನು ಹಿಡಿದಿಡುವ ಮೇನ್ ಕ್ಯಾಪ್‌ಗಳು ಎರಡು ಬೋಲ್ಟಿನವೂ ಇರಬಹುದು, ನಾಲ್ಕು ಬೋಲ್ಟಿನವೂ ಇರಬಹುದು. ಆಯಿಲ್ ಪ್ಯಾನ್ ಬಿಚ್ಚಿ ನಡುವಿನ ಮೂರು ಕ್ಯಾಪ್‌ಗಳನ್ನು ಕಣ್ಣಾರೆ ನೋಡದೆ ಇದನ್ನು ತೀರ್ಮಾನಿಸಲು ಬೇರೆ ದಾರಿಯಿಲ್ಲ. ಎಂಜಿನ್ನಿನ ಮುಂಭಾಗದ ಟೈಮಿಂಗ್ ಕವರಿನ ಹಿಂದೆ 010 ಮತ್ತು 020 ಎಂಬ ದೊಡ್ಡ ಅಂಕಿಗಳಿದ್ದರೆ ಅದು ನಿಕ್ಕಲ್ ಹೆಚ್ಚಿರುವ ಗಟ್ಟಿ ಕಬ್ಬಿಣ ಎಂದು ಮಾರುವವರು ಬಣ್ಣಿಸುತ್ತಾರೆ. ಆ ಮಾತಿಗೆ ಒಂದು ಡಾಲರನ್ನೂ ಹೆಚ್ಚಿಗೆ ಕೊಡಬೇಡಿ.

ಹಂತ 4: ದಿನಾಂಕವನ್ನು ಬಿಡಿಸಿ

ಬಹುತೇಕರು ತಪ್ಪುವ ಜಾಗ ಇದು. ಎರಕ ಹೊಯ್ದ ದಿನಾಂಕ ಸಾಮಾನ್ಯವಾಗಿ ಅದೇ ಹಿಂಬದಿಯ ಅಂಚಿನಲ್ಲಿ, ಎರಕದ ಸಂಖ್ಯೆಗೆ ಎದುರಾಗಿ ಬಲಬದಿಯಲ್ಲಿರುತ್ತದೆ. ಮೊದಲ ಇಂಗ್ಲಿಷ್ ಅಕ್ಷರ ತಿಂಗಳನ್ನು ಸೂಚಿಸುತ್ತದೆ: ‘ಎ’ ಜನವರಿ, ‘ಬಿ’ ಫೆಬ್ರುವರಿ, ಹೀಗೆಯೇ ‘ಎಲ್’ ಡಿಸೆಂಬರ್. ಆಮೇಲೆ ಬರುವುದು ದಿನ, ಕೊನೆಯ ಒಂದೇ ಅಂಕಿ ವರ್ಷ. ‘ಸಿ 14 9’ ಎಂದಿದ್ದರೆ ಮಾರ್ಚ್ 14, 1969 ಎಂದು ಓದಿಕೊಂಡು ಖುಷಿಪಡುವವರು, ಅದೇ ಗುರುತು ಮಾರ್ಚ್ 14, 1979 ಕೂಡ ಆಗಬಹುದೆಂಬುದನ್ನು ಮರೆಯುತ್ತಾರೆ. 3970010 ಎರಡೂ ಕಾಲದಲ್ಲಿ ಬಳಕೆಯಲ್ಲಿದ್ದುದರಿಂದ ಎರಕದ ಸಂಖ್ಯೆ ಮತ್ತು ದಿನಾಂಕ ಎರಡನ್ನೂ ಸೇರಿಸಿ ನೋಡಿದರೂ ದಶಕ ತಿಳಿಯುವುದಿಲ್ಲ.

ಇದನ್ನು ಬಿಡಿಸಲು ಬ್ಲಾಕಿನ ಮುಂಭಾಗಕ್ಕೆ ಹೋಗಬೇಕು. ಬಲಬದಿಯ ಸಿಲಿಂಡರ್ ಹೆಡ್ಡಿನ ಮುಂದೆಯೇ ಚಾಚಿಕೊಂಡಿರುವ ನಯವಾದ ಪಟ್ಟಿಯ ಮೇಲೆ, ಎಂಜಿನ್ ಜೋಡಿಸಿದ ಕಾರ್ಖಾನೆಯ ಅಕ್ಷರ, ತಿಂಗಳು ಮತ್ತು ದಿನದ ನಾಲ್ಕು ಅಂಕಿಗಳು, ಕೊನೆಗೆ ಎಂಜಿನ್ನಿನ ಬಗೆಯನ್ನು ಹೇಳುವ ಸಂಕೇತಾಕ್ಷರಗಳು ಒತ್ತಲ್ಪಟ್ಟಿರುತ್ತವೆ. ‘ವಿ’ ಇದ್ದರೆ ಫ್ಲಿಂಟ್ ಕಾರ್ಖಾನೆ, ‘ಟಿ’ ಇದ್ದರೆ ಟೋನವಾಂಡ. ಇಲ್ಲಿ ವರ್ಷವೇ ಇಲ್ಲ, ಆದರೆ ಸಂಕೇತಾಕ್ಷರಗಳ ಎಣಿಕೆ ವರ್ಷದ ಸುಳಿವು ಕೊಡುತ್ತದೆ: 1969ರ ಮಾದರಿಯವರೆಗೆ ಎರಡು ಅಕ್ಷರಗಳು, 1970ರ ಮಾದರಿಯಿಂದ ಮೂರು. ಆದ್ದರಿಂದ 3970010 ಬ್ಲಾಕಿನ ಮೇಲೆ ಮೂರಕ್ಷರದ ಸಂಕೇತ ಕಂಡರೆ ಅದು 1969ರ ಕಾರಿನದಲ್ಲ, ಮಾರುವವನು ಎಷ್ಟೇ ಆಣೆ ಹಾಕಿದರೂ ಅಲ್ಲ.

ಇನ್ನು ಕಾರಿನ ದಿನಾಂಕದೊಡನೆ ತಾಳೆ. ಎಂಜಿನ್ ಕೋಣೆಯ ಹಿಂಗೋಡೆಗೆ ಹೊಡೆದಿರುವ ಲೋಹದ ಚೀಟಿಯಲ್ಲಿ ‘03ಸಿ’ ಎಂದಿದ್ದರೆ ಕಾರಿನ ಒಡಲು ಮಾರ್ಚ್ ಮೂರನೆಯ ವಾರದ್ದು. ಮೊದಲು ಎರಕ, ನಂತರ ಎಂಜಿನ್ ಜೋಡಣೆ, ಕೊನೆಗೆ ಕಾರು. ಈ ಕ್ರಮ ಎಂದೂ ಹಿಂದುಮುಂದಾಗುವುದಿಲ್ಲ. ಫೆಬ್ರುವರಿ 12ರಂದು ಹೊಯ್ದು, ಫೆಬ್ರುವರಿ 21ರಂದು ಫ್ಲಿಂಟ್‌ನಲ್ಲಿ ಜೋಡಿಸಿದ ಎಂಜಿನ್ ಈ ಕಾರಿಗೆ ಚೆನ್ನಾಗಿ ಹೊಂದುತ್ತದೆ, ಏಪ್ರಿಲ್‌ನಲ್ಲಿ ಹೊಯ್ದದ್ದು ಹೊಂದಲು ಸಾಧ್ಯವೇ ಇಲ್ಲ. ಇದಕ್ಕೆ ವಿರುದ್ಧವಾದ ತಪ್ಪನ್ನೂ ಜನ ಮಾಡುತ್ತಾರೆ: 1969ರ ಮಾದರಿಯ ತಯಾರಿಕೆ 1968ರ ದ್ವಿತೀಯಾರ್ಧದಲ್ಲೇ ಶುರುವಾಗಿತ್ತು, ಮುಂದಿನ ಮಾದರಿ ತಡವಾದ್ದರಿಂದ 1969ರ ನವೆಂಬರ್‌ವರೆಗೂ ಎಳೆಯಿತು. ಹಾಗಾಗಿ ಆರಂಭದ ತಿಂಗಳುಗಳ ಕಾರಿಗೆ 8ರಲ್ಲಿ ಕೊನೆಗೊಳ್ಳುವ ದಿನಾಂಕವೇ ಸರಿಯಾದದ್ದು. ‘68ರದ್ದು ಬೇಡ’ ಎಂದು ಒಳ್ಳೆಯ ಬ್ಲಾಕನ್ನು ತಿರಸ್ಕರಿಸಬಾರದು.

ಹಂತ 5: ಕಾರಿನ ಸಂಖ್ಯೆ ಮತ್ತು ಸುಳ್ಳು ಮುದ್ರೆ

ಮೂಲ ಬ್ಲಾಕೇ ಬೇಕೆನ್ನುವವರು ಕಾರಿನ ಸಂಖ್ಯೆಯ (ಕಾರ್ಖಾನೆಯೇ ಕೊಟ್ಟ ಗುರುತಿನ ಸಂಖ್ಯೆ, ವಿಐಎನ್) ಅಂಶವನ್ನೂ ಹುಡುಕಬೇಕು. 1969ರ ಕಮಾರೊದಲ್ಲಿ ಅದು ಮುಂಭಾಗದ ಪಟ್ಟಿಯ ಮೇಲಾದರೂ, ಆಯಿಲ್ ಫಿಲ್ಟರಿನ ಬಳಿಯ ಒರಟು ಮೈಯ ಮೇಲಾದರೂ ಇರುತ್ತದೆ. ಮೊದಲು ಷೆವರ್ಲೆಯ 1, ಆಮೇಲೆ ವರ್ಷದ 9, ನಾರ್ವುಡ್ ಕಾರ್ಖಾನೆಯಾದರೆ ‘ಎನ್’, ವ್ಯಾನ್ ನೈಸ್ ಆದರೆ ‘ಎಲ್’, ಅನಂತರ ಕಾರಿನ ಕ್ರಮಸಂಖ್ಯೆಯ ಆರು ಅಂಕಿಗಳು. 1979ರಲ್ಲೂ ನಾರ್ವುಡ್‌ನಲ್ಲಿ ಕಮಾರೊ ತಯಾರಾಗುತ್ತಿದ್ದುದರಿಂದ ಮೊದಲ ಮೂರು ಗುರುತುಗಳನ್ನಷ್ಟೇ ನೋಡಿ ದಶಕವನ್ನು ನಿರ್ಧರಿಸಬೇಡಿ.

ಕಮಾರೊದ ವೇಗದ ಮಾದರಿಯಾದ ಝೀ/28 ಕಾರಿನ 302 ಎಂಜಿನ್ನಿಗೆ 1969ರಲ್ಲಿ ‘ಡಿಝೀ’ ಎಂಬ ಸಂಕೇತವಿತ್ತು. ಆ ಎರಡಕ್ಷರಕ್ಕೆ ಬೆಲೆ ಇರುವುದರಿಂದ ಹಳೆಯ ಮುದ್ರೆಯನ್ನು ಕೆತ್ತಿ ತೆಗೆದು ಹೊಸದನ್ನು ಒತ್ತುವ ದಂಧೆಯೂ ಇದೆ. ಕಾರ್ಖಾನೆಯ ಯಂತ್ರ ಆ ಪಟ್ಟಿಯ ಮೇಲೆ ಮುಂದಿನಿಂದ ಹಿಂದಕ್ಕೆ ಸೂಕ್ಷ್ಮವಾದ ಸಮಾನಾಂತರ ಗೆರೆಗಳನ್ನು ಬಿಟ್ಟಿರುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದಾಗ ಗೆರೆಗಳಿಲ್ಲದೆ ಕನ್ನಡಿಯಂತೆ ನುಣುಪಾಗಿದ್ದರೆ, ಅಥವಾ ಸುತ್ತು ಸುತ್ತಾದ ಗೀರುಗಳಿದ್ದರೆ, ಕೈ ಕಟ್ಟಿಕೊಂಡು ಹಿಂದೆ ಸರಿಯಿರಿ. ಸಂಕೇತದ ಬದಲು ‘ಸಿಇ’ ಎಂದು ಶುರುವಾಗುವ ಮುದ್ರೆ ಕಂಡರೆ ಹೆದರಬೇಕಿಲ್ಲ. ಅದು ವಾರಂಟಿಯ ಅವಧಿಯಲ್ಲಿ ಕಂಪನಿಯೇ ಒದಗಿಸಿದ ಬದಲಿ ಬ್ಲಾಕ್. ಸುಳ್ಳು ಮುದ್ರೆಯ ‘ಮೂಲ’ ಬ್ಲಾಕಿಗಿಂತ ನಾನು ಅದನ್ನೇ ಆರಿಸುತ್ತೇನೆ.

ಹಂತ 6: ಅಳೆಯಿರಿ

302, 327 ಮತ್ತು 350 ಮೂರಕ್ಕೂ ಬೋರ್ 4 ಇಂಚು. ಅವುಗಳ ವ್ಯತ್ಯಾಸವಿರುವುದು ಸ್ಟ್ರೋಕಿನಲ್ಲಿ (ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ), ಅಂದರೆ ಕ್ರ್ಯಾಂಕ್‌ಶಾಫ್ಟ್‌ನಲ್ಲಿ: ಕ್ರಮವಾಗಿ 3, 3.25 ಮತ್ತು 3.48 ಇಂಚು. ಆದ್ದರಿಂದ ಬರಿಯ ಬ್ಲಾಕನ್ನು ತೋರಿಸಿ ‘ಇದು 302’ ಎನ್ನುವುದಕ್ಕೆ ಅಳತೆಯ ಆಧಾರವಿಲ್ಲ. ಬೋರ್ 3.875 ಇಂಚು ಬಂದರೆ ಅದು 283 ಅಥವಾ 307, 3.736 ಬಂದರೆ 305. ಇಷ್ಟನ್ನು ವರ್ನಿಯರ್ ಕ್ಯಾಲಿಪರ್ ಹೇಳುತ್ತದೆ. ಸವೆತಕ್ಕೆ ಮಾತ್ರ ಡಯಲ್ ಬೋರ್ ಗೇಜ್ ಬೇಕು. ಈಗಾಗಲೇ 0.060 ಇಂಚು ರೀಬೋರ್ ಆಗಿರುವ (ಸಿಲಿಂಡರನ್ನು ಕೊರೆದು ಅಗಲಿಸಿರುವ) ಬ್ಲಾಕನ್ನು, ಗೋಡೆಯ ದಪ್ಪವನ್ನು ಶಬ್ದತರಂಗದಿಂದ ಪರೀಕ್ಷಿಸದೆ ಕೊಳ್ಳಬೇಡಿ. 1967ರವರೆಗಿನ ಬಹುತೇಕ ಬ್ಲಾಕುಗಳ ಮೇನ್ ಬೇರಿಂಗ್ ಚಿಕ್ಕದು, ಅದರೊಳಗೆ ತಿರುಗುವ ಕ್ರ್ಯಾಂಕಿನ ಭಾಗವಾದ 2.30 ಇಂಚಿನ ಜರ್ನಲ್‌ಗೆ ಹೊಂದುವಂಥದ್ದು. 1968ರಿಂದ ಅದು 2.45 ಇಂಚಾಯಿತು, ಹಳೆಯ ಕ್ರ್ಯಾಂಕ್ ಕೈಯಲ್ಲಿರುವವರು ಇದನ್ನು ಮರೆಯಬಾರದು. ಮೇನ್ ಕ್ಯಾಪ್‌ಗಳನ್ನು ಆಯಾ ಬ್ಲಾಕಿನೊಂದಿಗೇ ಕೊರೆದಿರುವುದರಿಂದ ಬೇರೆ ಬ್ಲಾಕಿನ ಕ್ಯಾಪ್ ಹಾಗೆಯೇ ಕೂರುವುದಿಲ್ಲ.

ನೀರಿನ ದಾರಿಯಲ್ಲಿ ಬೆಳ್ಳಿ ಬಣ್ಣದ ಪುಡಿ ಅಂಟಿಕೊಂಡಿದ್ದರೆ, ಸೋರಿಕೆ ನಿಲ್ಲಿಸುತ್ತೇವೆಂದು ರೇಡಿಯೇಟರಿಗೆ ಸುರಿಯುವ ದ್ರವ್ಯವನ್ನು ಯಾರೋ ಬಳಸಿದ್ದಾರೆಂದು ತಿಳಿಯಿರಿ. ಅಂಥ ದ್ರವ್ಯಗಳು ಬಿರುಕನ್ನು ಮುಚ್ಚಿಡುತ್ತವೆಯೇ ಹೊರತು ಗುಣಪಡಿಸುವುದಿಲ್ಲ. ಕಾಂತೀಯ ಪರೀಕ್ಷೆ ಮಾಡಿಸಿಯೇ ಹಣ ಕೊಡಿ.

ಹಂತ 7: ಕೂರುತ್ತದೆಯೇ ನೋಡಿ

ಆಯಿಲ್ ಮಟ್ಟ ನೋಡುವ ಕಡ್ಡಿಯ ರಂಧ್ರ ಚಾಲಕನ ಬದಿಯಲ್ಲಿರಬೇಕು. ಬಲಬದಿಯಲ್ಲಿದ್ದರೆ ಬ್ಲಾಕ್ 1980ರದ್ದೋ ಅದರ ನಂತರದ್ದೋ ಆಗಿರುತ್ತದೆ. 1986ರಿಂದ ಕ್ರ್ಯಾಂಕಿನ ಹಿಂಬದಿಯ ಆಯಿಲ್ ಸೀಲ್ ಒಂದೇ ತುಂಡಿನದಾಯಿತು, ಹಳೆಯ ಕ್ರ್ಯಾಂಕ್ ಅದಕ್ಕೆ ನೇರವಾಗಿ ಹೊಂದದು. ಕ್ಲಚ್ ಇರುವ ಕಾರಾದರೆ ಆಯಿಲ್ ಫಿಲ್ಟರಿನ ಮೇಲ್ಗಡೆ ಕ್ಲಚ್ ಸನ್ನೆಯ ಮೊಳೆ ಕೂರುವ ತಿರುಪಿನ ಸುರುಳಿ ಗೆರೆಗಳುಳ್ಳ ರಂಧ್ರ ಇದೆಯೇ ಪರೀಕ್ಷಿಸಿ.

ಬ್ಲಾಕನ್ನು ಮೆಷಿನ್ ಶಾಪಿಗೆ ಒಯ್ಯುವ ಮೊದಲು ಎಲ್ಲ ಗುರುತುಗಳ ಚಿತ್ರ ತೆಗೆದಿಟ್ಟುಕೊಳ್ಳಿ. ಹೆಡ್ ಕೂರುವ ಮೇಲ್ಮೈಯನ್ನು ಸಮ ಮಾಡುವಾಗ ಅದೇ ಮಟ್ಟದಲ್ಲಿರುವ ಮುದ್ರೆಯ ಪಟ್ಟಿಯೂ ಕೆತ್ತಿಹೋಗುತ್ತದೆ, ಆದ್ದರಿಂದ ಅದನ್ನು ಮುಟ್ಟಬಾರದೆಂದು ಕೆಲಸದ ಚೀಟಿಯಲ್ಲೇ ಬರೆಸಿ, ಯಂತ್ರ ನಡೆಸುವವನಿಗೂ ಬಾಯಿಬಿಟ್ಟು ಹೇಳಿ.