ಸುಳ್ಳು ನಂಬಿಸಿ ಕರಾರಿಗೆ ಸಹಿ ಪಡೆದಿದ್ದರೆ ಮುಂದೇನು?

ಇಲ್ಲದ ಗುಣವನ್ನು ಇದೆಯೆಂದು ಹೇಳಿ, ಗೊತ್ತಿದ್ದ ದೋಷವನ್ನು ಮರೆಮಾಚಿ ಅಥವಾ ಈಡೇರಿಸುವ ಉದ್ದೇಶವೇ ಇಲ್ಲದ ಮಾತು ಕೊಟ್ಟು ನಿಮ್ಮಿಂದ ಸಹಿ ಪಡೆಯುವುದನ್ನು 1872ರ ಭಾರತೀಯ ಕರಾರು ಕಾಯ್ದೆಯ ಸೆಕ್ಷನ್ 17 ವಂಚನೆ ಎಂದು ಗುರುತಿಸುತ್ತದೆ. ಹಾಗೆಂದು ಕರಾರು ತಾನಾಗಿಯೇ ಬಿದ್ದುಹೋಗುವುದಿಲ್ಲ. ಅದನ್ನು ರದ್ದುಪಡಿಸುವ ಆಯ್ಕೆಯನ್ನು ಸೆಕ್ಷನ್ 19 ಮೋಸಹೋದವರ ಕೈಗೆ ಕೊಡುತ್ತದೆ, ಅಷ್ಟೇ.

ಮೊದಲ ಕೆಲಸ, ಆಡಿದ ಮಾತನ್ನು ದಾಖಲಿಸುವುದು. ಯಾರು, ಯಾವ ದಿನ, ಯಾವ ಪದಗಳಲ್ಲಿ ಭರವಸೆ ಕೊಟ್ಟರು ಎಂಬುದನ್ನು ನೆನಪು ಮಾಸುವ ಮುನ್ನ ಬರೆದಿಡಿ. ಜಾಹೀರಾತು, ರಸೀದಿ, ಮೊಬೈಲ್ ಸಂದೇಶಗಳನ್ನು ಅಳಿಸದೆ ಜೋಪಾನ ಮಾಡಿ. ‘ನನಗೆ ಮೋಸವಾಯಿತು’ ಎಂಬ ಒಂದೇ ವಾಕ್ಯ ನ್ಯಾಯಾಲಯದಲ್ಲಿ ನಿಲ್ಲದು, ಏಕೆಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯು ವಂಚನೆಯ ವಿವರಗಳನ್ನು ದಿನಾಂಕ ಸಹಿತ ವಾದಪತ್ರದಲ್ಲೇ ಕೇಳುತ್ತದೆ. ಆ ಸುಳ್ಳನ್ನು ನಂಬಿಯೇ ಸಹಿ ಹಾಕಿದಿರಿ ಎಂಬುದನ್ನೂ ತೋರಿಸಬೇಕು. ಸುಳ್ಳು ನಿಮ್ಮ ಒಪ್ಪಿಗೆಗೆ ಕಾರಣವಾಗಿರದಿದ್ದರೆ ರದ್ದತಿಯ ಹಕ್ಕು ಹುಟ್ಟುವುದಿಲ್ಲ. ಎದುರಿನವರು ಬರೀ ಸುಮ್ಮನಿದ್ದುದು ಸಾಮಾನ್ಯವಾಗಿ ವಂಚನೆಯಲ್ಲ; ಹೇಳುವ ಕರ್ತವ್ಯ ಅವರಿಗಿದ್ದಾಗ ಮಾತ್ರ ಮಾತು ಬೇರೆ.

ಸತ್ಯ ತಿಳಿದ ಮೇಲೂ ಕಂತು ಕಟ್ಟುತ್ತ, ವಸ್ತುವನ್ನು ಬಳಸುತ್ತ ಹೋಗಬೇಡಿ. ಹಲವರು ಸೋಲುವುದು ಇಲ್ಲಿಯೇ ಎಂಬುದು ನನ್ನ ದೃಢ ಅಭಿಪ್ರಾಯ, ಏಕೆಂದರೆ ಆ ನಡವಳಿಕೆಯನ್ನು ಕರಾರಿಗೆ ಕೊಟ್ಟ ಮರುಒಪ್ಪಿಗೆಯೆಂದು ನ್ಯಾಯಾಲಯ ಭಾವಿಸಬಹುದು. ರದ್ದುಪಡಿಸುವ ನಿರ್ಧಾರವನ್ನು ಲಿಖಿತ ನೋಟಿಸ್ ಮೂಲಕ ತಿಳಿಸಿ, ಪಡೆದ ಪ್ರಯೋಜನವನ್ನು ಹಿಂದಿರುಗಿಸಲು ಸಿದ್ಧರಿರುವುದಾಗಿ ಅದರಲ್ಲೇ ನಮೂದಿಸಿ. ಕರಾರನ್ನು ಉಳಿಸಿಕೊಂಡು, ಹೇಳಿದ್ದು ನಿಜವಾಗಿದ್ದರೆ ಇರುತ್ತಿದ್ದ ಸ್ಥಿತಿಗೆ ತನ್ನನ್ನು ತರಬೇಕೆಂದು ಕೇಳುವ ದಾರಿಯೂ ಉಂಟು.

ಇನ್ನು ಎಲ್ಲಿಗೆ ಹೋಗಬೇಕು? ಸ್ವಂತ ಬಳಕೆಗೆ ಅಥವಾ ಸ್ವಯಂ ಉದ್ಯೋಗದ ಜೀವನೋಪಾಯಕ್ಕೆ ಕೊಂಡಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ‘ಅನ್ಯಾಯದ ವ್ಯಾಪಾರ ಪದ್ಧತಿ’ ಎಂದು ದೂರು ಕೊಡಬಹುದು. ಗುಣಮಟ್ಟ, ಬೆಲೆ, ವಾರಂಟಿ ಕುರಿತ ಸುಳ್ಳು ಹೇಳಿಕೆಗಳಷ್ಟೇ ಅಲ್ಲ, ಬಿಲ್ ಕೊಡದಿರುವುದೂ ಇದರೊಳಗೆ ಬರುತ್ತದೆ. ಪಾವತಿಸಿದ ಮೊತ್ತ ₹50 ಲಕ್ಷ ಮೀರದಿದ್ದರೆ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಸಲ್ಲಿಸಬಹುದು. ₹5 ಲಕ್ಷದವರೆಗೆ ಶುಲ್ಕವಿಲ್ಲ. ಕರಾರಿನ ಷರತ್ತುಗಳೇ ಏಕಪಕ್ಷೀಯ ಎಂಬ ತಕರಾರಿದ್ದರೆ ಮಾತ್ರ ಜಿಲ್ಲಾ ಆಯೋಗವನ್ನು ಬಿಟ್ಟು ರಾಜ್ಯ ಆಯೋಗಕ್ಕೆ ಹೋಗಬೇಕು. ಸಹಾಯವಾಣಿ 1915 ದೂರಿಗೂ ಮುನ್ನ ರಾಜಿಗೆ ನೆರವಾಗುತ್ತದೆ.

ಆದರೆ ಗ್ರಾಹಕ ಆಯೋಗದ ವಿಚಾರಣೆ ಸಂಕ್ಷಿಪ್ತವಾದದ್ದು. ಹಲವು ಸಾಕ್ಷಿಗಳ ಪಾಟಿ ಸವಾಲು ಬೇಡುವ ತೊಡಕಿನ ವಂಚನೆಯ ಆರೋಪವಾದರೆ ಸಿವಿಲ್ ನ್ಯಾಯಾಲಯಕ್ಕೆ ಹೋಗುವಂತೆ ಆಯೋಗ ಹೇಳುವ ಸಂಭವವಿದೆ. ಆದ್ದರಿಂದ ದೂರನ್ನು ದಾಖಲೆಗಳಿಂದಲೇ ಸಾಬೀತಾಗುವ ಸುಳ್ಳುಗಳ ಮೇಲೆ ಕಟ್ಟುವುದು ಲೇಸು. ಆಯೋಗಕ್ಕೆ ದೂರಿನ ಕಾರಣ ಹುಟ್ಟಿದ 2 ವರ್ಷದೊಳಗೆ ಹೋಗಬೇಕು. ಕರಾರಿನ ರದ್ದತಿ ಕೋರಿ ಸಿವಿಲ್ ದಾವೆ ಹೂಡಲು, ವಂಚನೆ ನಿಮ್ಮ ಅರಿವಿಗೆ ಬಂದ ದಿನದಿಂದ 3 ವರ್ಷಗಳ ಕಾಲಾವಕಾಶವಿದೆ.