ಹೆಡ್ ಬದಲಾಯಿಸಿದ ಮೇಲೆ ಟೈಮಿಂಗ್ ಕೂಡಿಸಿದ ಬಗೆ: ನನ್ನ ಅನುಭವ

ನನ್ನ ಕಾರಿನ ಎಂಜಿನ್ ಹೆಡ್ (ವಾಲ್ವ್‌ಗಳಿರುವ ಮೇಲ್ಭಾಗ) ಬದಲಾಯಿಸಿದ ಮೇಲೆ ಅದು ಸರಿಯಾಗಿ ಎಳೆಯುತ್ತಿರಲಿಲ್ಲ. ಪುಲ್ಲಿಯ ಗುರುತುಗಳನ್ನು ಪಕ್ಕಕ್ಕಿಟ್ಟು ಪಿಸ್ಟನ್ನಿನಿಂದಲೇ ಅಳೆದು ಟೈಮಿಂಗ್ (ವಾಲ್ವ್ ತೆರೆಯುವ, ಸ್ಪಾರ್ಕ್ ಬೀಳುವ ಹೊತ್ತನ್ನು ಪಿಸ್ಟನ್ನಿನ ಓಡಾಟಕ್ಕೆ ಹೊಂದಿಸುವುದು) ಕೂಡಿಸುತ್ತೇನೆ ಎಂದಾಗ ಇಬ್ಬರು ನಕ್ಕರು. ಅವರಲ್ಲಿ ಒಬ್ಬರು ನನಗಿಂತ ದುಪ್ಪಟ್ಟು ಅನುಭವವುಳ್ಳ ಮೆಕ್ಯಾನಿಕ್. ಪಿಸ್ಟನ್ ಸುತ್ತ ಗಾಳಿ ಸೋರದಂತೆ ತಡೆಯುವ ರಿಂಗ್ ಸವೆದಿದೆ, ಎಂಜಿನ್ ಇಳಿಸಲೇಬೇಕು ಎಂಬುದು ಅವರ ತೀರ್ಪಾಗಿತ್ತು. ಅದಕ್ಕೆ ಅವರು ಹೇಳಿದ ಮೊತ್ತ, ಕಾರನ್ನು ಮಾರಿದರೆ ಬರಬಹುದಾದ ಹಣಕ್ಕಿಂತ ಸ್ವಲ್ಪವೇ ಕಡಿಮೆ. ಎಂಜಿನ್ ಇಳಿಸಲಿಲ್ಲ, ರಿಂಗ್ ಮುಟ್ಟಲಿಲ್ಲ, ಕಾರು ಈಗ ಹೆಡ್ ಬಿರುಕು ಬಿಡುವ ಮುಂಚಿಗಿಂತ ಚೆನ್ನಾಗಿ ಎಳೆಯುತ್ತಿದೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನನ್ನದು ಕಾರ್ಬುರೇಟರ್ ಇರುವ ನಾಲ್ಕು ಸಿಲಿಂಡರ್ ಎಂಜಿನ್. ಹೆಡ್ ಮೇಲೆ ಒಂದೇ ಕ್ಯಾಮ್ (ವಾಲ್ವ್ ತೆರೆಯುವ ದಂಡ), ಅದನ್ನು ಕ್ರ್ಯಾಂಕಿನಿಂದ (ಪಿಸ್ಟನ್ನುಗಳು ತಿರುಗಿಸುವ ದಂಡ) ತಿರುಗಿಸುವ ಟೈಮಿಂಗ್ ಬೆಲ್ಟ್, ಕ್ಯಾಮಿನ ಹಿಂತುದಿಯಿಂದಲೇ ತಿರುಗುವ, ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರ್. ಹಳೆಯ ಹೆಡ್ ಒಮ್ಮೆ ವಿಪರೀತ ಬಿಸಿಯಾಗಿ ಎರಡು ವಾಲ್ವ್ ಸೀಟುಗಳ ನಡುವೆ ಬಿರುಕು ಬಿಟ್ಟಿತ್ತು. ಬೇರೊಂದು ಹಳೆಯ ಹೆಡ್ ಕೊಂಡು, ಫೇಸಿಂಗ್ ಮಾಡಿಸಿ (ಅಡಿಮುಖವನ್ನು ತುಸು ತೆಗೆಸಿ ಸಪಾಟು ಮಾಡಿಸಿ), ವಾಲ್ವ್ ಅರೆಸಿ ಕೂರಿಸಿದೆ. ಹಿಂದಿನ ಮಾಲೀಕರು ಒಮ್ಮೆ ತೆಗೆಸಿದ್ದು, ನಾನು ತೆಗೆಸಿದ್ದು ಎರಡೂ ಸೇರಿ ಸುಮಾರು 0.6 ಮಿ.ಮೀ. ಹೋಗಿರಬೇಕು. ಗ್ಯಾಸ್ಕೆಟ್, ಬೋಲ್ಟ್, ಟಾರ್ಕ್ ವಿಷಯ ನಿಮಗೆಲ್ಲ ಗೊತ್ತಿರುವುದೇ. ಅಲ್ಲಿ ನನಗೆ ತೊಂದರೆಯಾಗಲಿಲ್ಲ.

ತೊಂದರೆ ಶುರುವಾದದ್ದು ಬೆಲ್ಟ್ ಹಾಕುವಾಗ. ಕ್ರ್ಯಾಂಕಿನ ತುದಿಯ ಡ್ಯಾಂಪರ್ ಪುಲ್ಲಿಯ ಗುರುತನ್ನು ಸೊನ್ನೆಗೆ (ಒಂದನೇ ಪಿಸ್ಟನ್ ತೀರ ಮೇಲಿರಬೇಕಾದ ಜಾಗಕ್ಕೆ) ತಂದು ನಿಲ್ಲಿಸಿದರೆ, ಕ್ಯಾಮ್ ಪುಲ್ಲಿಯ ಗುರುತು ಯಾವ ಹಲ್ಲಿನಲ್ಲಿ ಹಾಕಿದರೂ ನೇರವಾಗಿ ಬರುತ್ತಿರಲಿಲ್ಲ. ಬೆಲ್ಟನ್ನು ಒಂದು ಹಲ್ಲಿಗೆ ಹಾಕಿದರೆ ಗುರುತು ಹಲ್ಲಿನ ಮೂರನೇ ಒಂದು ಭಾಗದಷ್ಟು ಹಿಂದೆ, ಪಕ್ಕದ ಹಲ್ಲಿಗೆ ಹಾಕಿದರೆ ಮೂರನೇ ಎರಡು ಭಾಗದಷ್ಟು ಮುಂದೆ. ಹೆಡ್ ತಗ್ಗಿದರೆ ಕ್ಯಾಮ್ ಹಿಂದೆ ಬೀಳುತ್ತದೆ ಎಂಬುದು ತಿಳಿದಿದ್ದರಿಂದ, ಫೇಸಿಂಗ್‌ನಿಂದಲೇ ಹೀಗಾಗಿದೆ ಎಂದು ಸಮಾಧಾನ ಮಾಡಿಕೊಂಡು ಹತ್ತಿರದ ಹಲ್ಲಿಗೇ ಹಾಕಿದೆ. ಅರ್ಧ ತಿಳಿವಳಿಕೆ ಮಾಡುವ ಅನಾಹುತ ಇಂಥದ್ದೇ.

ಎಂಜಿನ್ ಶುರುವಾಯಿತು, ಆದರೆ ಪಿಕಪ್ ಇರಲಿಲ್ಲ. ಏರಿನಲ್ಲಿ ಎರಡನೇ ಗೇರ್ ಬಿಟ್ಟು ಮೇಲೆ ಹೋಗುತ್ತಿರಲಿಲ್ಲ. ಪುಲ್ಲಿಯ ಗುರುತಿನ ಮೇಲೆ ಸ್ಪಾರ್ಕಿನ ಹೊತ್ತು ತೋರಿಸುವ ಟೈಮಿಂಗ್ ಲೈಟ್ ಹಿಡಿದು, ಸ್ಪಾರ್ಕನ್ನು ಸೊನ್ನೆಗೆ 10 ಡಿಗ್ರಿ ಮುಂಚೆ ಇಟ್ಟರೂ ಬಿಸಿಯಾಗುತ್ತಿತ್ತು. ಎಂಜಿನ್ ಗಾಳಿ ಎಳೆಯುವ ಬಲ ತೋರಿಸುವ ವ್ಯಾಕ್ಯೂಮ್ ಗೇಜ್ 14 ಇಂಚಿನಲ್ಲಿ ಅಲುಗದೆ ನಿಂತಿತ್ತು. ಹಳೆಯ ಹೆಡ್ಡಿನಲ್ಲಿ ಒಳ್ಳೆಯ ದಿನಗಳಲ್ಲಿ 160 ಪಿಎಸ್‌ಐ ಆಸುಪಾಸಿನಲ್ಲಿದ್ದ ಕಂಪ್ರೆಷನ್ (ಸಿಲಿಂಡರಿನಲ್ಲಿ ಅದುಮಿದ ಗಾಳಿಯ ಒತ್ತಡ), ಫೇಸಿಂಗ್ ಆದ ಮೇಲೆ ಏರಬೇಕಾದದ್ದು, 125–130ಕ್ಕೆ ಇಳಿದಿತ್ತು. ರಿಂಗ್ ಎಂಬ ಮಾತು ಬಂದದ್ದು ಇಲ್ಲಿಯೇ. ಪ್ಲಗ್ ತೂತಿನಲ್ಲಿ ಸ್ವಲ್ಪ ಎಣ್ಣೆ ಬಿಟ್ಟು ಮತ್ತೆ ನೋಡಿದೆ. ಐದು ಪಿಎಸ್‌ಐ ಏರಿದ್ದೇ ಹೆಚ್ಚು. ರಿಂಗ್ ಹೋಗಿದ್ದರೆ ಅಳತೆ ಎದ್ದು ಕಾಣುವಷ್ಟು ಏರಬೇಕಿತ್ತು. ವಾಲ್ವ್ ಸೋರುತ್ತಿದ್ದರೆ ನಾಲ್ಕೂ ಸಿಲಿಂಡರುಗಳು ಮಾತಾಡಿಕೊಂಡಂತೆ ಒಂದೇ ಸಮನೆ ಇಳಿಯುತ್ತಿರಲಿಲ್ಲ. ಇಷ್ಟು ಹೇಳಿದರೂ ಆ ಮೆಕ್ಯಾನಿಕ್ ಒಪ್ಪಲಿಲ್ಲ.

ಆ ರಾತ್ರಿ ಕಾಗದ ಹಿಡಿದು ಕುಳಿತೆ. ನನ್ನ ಕ್ಯಾಮ್ ಪುಲ್ಲಿಗೆ 40 ಹಲ್ಲು, ತ್ರಿಜ್ಯ ಸುಮಾರು 60 ಮಿ.ಮೀ. ಹೆಡ್ 0.6 ಮಿ.ಮೀ. ತಗ್ಗಿದರೆ ಕ್ಯಾಮ್ ಹಿಂದೆ ಬೀಳುವುದು ಅರ್ಧ ಡಿಗ್ರಿಯಷ್ಟು, ಕ್ಯಾಮ್ ಒಂದು ಸುತ್ತು ಹಾಕುವಾಗ ಎರಡು ಸುತ್ತು ಹಾಕುವ ಕ್ರ್ಯಾಂಕಿನ ಲೆಕ್ಕದಲ್ಲಿ ಒಂದು ಡಿಗ್ರಿ ಚಿಲ್ಲರೆ. ಒಂದು ಹಲ್ಲು ಎಂದರೆ ಕ್ಯಾಮಿನಲ್ಲಿ 9 ಡಿಗ್ರಿ, ಅದರ ಮೂರನೇ ಒಂದು ಭಾಗ 3 ಡಿಗ್ರಿ. ಅರ್ಧ ಡಿಗ್ರಿಯ ತಪ್ಪನ್ನು ಫೇಸಿಂಗ್ ಮೇಲೆ ಹೊರಿಸಬಹುದು, ಮೂರು ಡಿಗ್ರಿಯದನ್ನಲ್ಲ. ಹಾಗಾದರೆ ಕೆಳಗಿನ, ಡ್ಯಾಂಪರ್ ಪುಲ್ಲಿಯ ಗುರುತೇ ಸುಳ್ಳಾಗಿರಬೇಕು.

ಹಳೆಯ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಒಳಗೆ ಎಳೆ (ಥ್ರೆಡ್) ಕೊರೆಸಿ, ತುದಿ ಗುಂಡಗೆ ಉಜ್ಜಿದ ಬೋಲ್ಟ್ ಕೂರಿಸಿ, ಮೇಲೇರುವ ಪಿಸ್ಟನ್ನನ್ನು ತಡೆದು ನಿಲ್ಲಿಸುವ ಪಿಸ್ಟನ್ ಸ್ಟಾಪ್ ಮಾಡಿಕೊಂಡೆ. ತೆರೆದ ವಾಲ್ವ್ ಬೋಲ್ಟಿಗೆ ತಗುಲದಿರಲಿ ಎಂದು ಒಂದನೇ ಸಿಲಿಂಡರಿನ ವಾಲ್ವ್‌ಗಳನ್ನು ಒತ್ತುವ ಟ್ಯಾಪೆಟ್ ಸ್ಕ್ರೂಗಳನ್ನು ಪೂರ್ತಿ ಸಡಿಲಿಸಿದೆ. ಡಿಗ್ರಿ ಚಕ್ರದ ಸೊನ್ನೆಯನ್ನು ಪುಲ್ಲಿಯ ಗುರುತಿಗೇ ಹೊಂದಿಸಿ, ಸ್ಪ್ಯಾನರ್ ಹಿಡಿದು ಕೈಯಿಂದ ಮೆಲ್ಲಗೆ ತಿರುಗಿಸಿದಾಗ ಪಿಸ್ಟನ್ ಬೋಲ್ಟಿಗೆ ತಾಗಿ ನಿಂತದ್ದು ಸೊನ್ನೆಗೆ 38 ಡಿಗ್ರಿ ಮುಂಚೆ. ಹಿಂದಕ್ಕೆ ತಿರುಗಿಸಿದಾಗ ಸೊನ್ನೆಯ ನಂತರ 14ರಲ್ಲಿ. ನಿಜವಾದ ಟಿಡಿಸಿ (ಪಿಸ್ಟನ್ ತೀರ ಮೇಲಿರುವ ಬಿಂದು) ಇವೆರಡರ ನಟ್ಟನಡುವೆ, ಎಂದರೆ ಗುರುತಿಗಿಂತ 12 ಡಿಗ್ರಿ ಮುಂಚೆಯೇ ಇತ್ತು. ಮೂರು ಸಲ ಅಳೆದೆ, ಅರ್ಧ ಡಿಗ್ರಿಯೂ ಬದಲಾಗಲಿಲ್ಲ.

ಡ್ಯಾಂಪರಿನ ಗುರುತಿರುವ ಹೊರಬಳೆ, ಅದನ್ನು ನಡುಭಾಗಕ್ಕೆ ಹಿಡಿದಿಡುವ ರಬ್ಬರಿನ ಮೇಲೆ ಜಾರಿತ್ತು. ಜಾರಿಸಿದವನು ನಾನೇ. ಹೆಡ್ ಕೆಲಸದಲ್ಲಿ ಪುಲ್ಲಿ ತೆಗೆಯುವಾಗ, ನಡುವಿನ ತೂತುಗಳಿಗೆ ಬೋಲ್ಟ್ ಹಾಕಿ ಎಳೆಯುವ ಪುಲ್ಲರನ್ನು ಬಾಡಿಗೆಗೆ ತರುವ ಖರ್ಚು ಉಳಿಸಲೆಂದು, ಮೂರು ಕಾಲಿನ ಸಾಧಾರಣ ಪುಲ್ಲರನ್ನು ಹೊರಬಳೆಗೇ ಸಿಕ್ಕಿಸಿ ಎಳೆದಿದ್ದೆ. ಹೊಸ ಗುರುತು ಬಳಿದು ಅದರಲ್ಲೇ ಕಾಲ ಹಾಕೋಣವೆಂದು, ಬಳೆ ಇನ್ನೂ ಜಾರುತ್ತದೆಯೇ ಎಂದು ತಿಳಿಯಲು ಒಳಗಿಂದ ಹೊರಗಿನವರೆಗೆ ಒಂದು ಬಣ್ಣದ ಗೆರೆಯನ್ನೂ ಎಳೆದೆ. ಎರಡು ವಾರದಲ್ಲಿ ಗೆರೆ ಮುರಿದಿತ್ತು, ಬಳೆ ಮತ್ತೆ ಜಾರಿತ್ತು. ಹೊಸ ಡ್ಯಾಂಪರಿಗೆ ಆ ಬಾಡಿಗೆಯ ಇಪ್ಪತ್ತು ಪಟ್ಟಿಗೂ ಹೆಚ್ಚು ತೆತ್ತೆ.

ಇನ್ನು ಕ್ಯಾಮ್. ಟ್ಯಾಪೆಟ್ ಮತ್ತೆ ಕೂಡಿಸಿ, ಇನ್‌ಟೇಕ್ ವಾಲ್ವಿನ ರಿಟೈನರ್ (ಸ್ಪ್ರಿಂಗ್ ಹಿಡಿದಿಡುವ ಬಿಲ್ಲೆ) ಮೇಲೆ ಡಯಲ್ ಗೇಜ್ ನಿಲ್ಲಿಸಿ, ಪೂರ್ಣ ಲಿಫ್ಟಿಗಿಂತ (ವಾಲ್ವ್ ಅತಿ ಹೆಚ್ಚು ತೆರೆಯುವ ಅಳತೆ) 1 ಮಿ.ಮೀ. ಕೆಳಗಿನ ಎರಡು ಬದಿಗಳಲ್ಲಿ ಡಿಗ್ರಿ ಓದಿ ಸರಾಸರಿ ತೆಗೆದೆ. ತುದಿಯಲ್ಲಿ ವಾಲ್ವ್ ಬಹಳ ಹೊತ್ತು ನಿಂತಂತೆ ಇರುವುದರಿಂದ ನೇರವಾಗಿ ಓದಿದರೆ ನಂಬುವಂತಿಲ್ಲ. ಟಿಡಿಸಿ ನಂತರ 110ರ ಹತ್ತಿರ ಇರಬೇಕಾದ ಅಳತೆ 129 ಬಂತು: ಒಂದು ಹಲ್ಲಿನ 18 ಡಿಗ್ರಿ, ಮೇಲೆ ಫೇಸಿಂಗಿನ ಒಂದು. ನಾನು ಬಿಟ್ಟಿದ್ದ ಆ ಇನ್ನೊಂದು ಹಲ್ಲೇ ಸರಿಯಾದದ್ದು. ಬೆಲ್ಟ್ ಒಂದು ಹಲ್ಲು ಮುಂದೆ ಹಾಕಿ, ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ ಅಳೆದರೆ 111. ತಿರುಗಿಸುವಾಗ ಗುರಿ ದಾಟಿದರೆ ಅಲ್ಲಿಂದಲೇ ಹಿಂದೆ ತರಬಾರದು. ಕಾಲು ಸುತ್ತು ಹಿಂದೆ ಹೋಗಿ ಮತ್ತೆ ಮುಂದೆ ಬರಬೇಕು, ಇಲ್ಲದಿದ್ದರೆ ಬೆಲ್ಟಿನ ಸಡಿಲ ಅಳತೆಯಲ್ಲಿ ಸೇರಿಕೊಳ್ಳುತ್ತದೆ. ಬೆಲ್ಟನ್ನು ಎಳೆದು ಹಿಡಿಯುವ ಟೆನ್ಷನರ್ ಬಿಗಿಯುವಾಗ ಎಳೆಯುವ ಬದಿಯಲ್ಲಿ ಕೂದಲೆಳೆಯಷ್ಟೂ ಸಡಿಲ ಉಳಿಯದಂತೆ ಹಿಡಿಯಲು ನನ್ನದೇ ಒಂದು ಉಪಾಯವಿದೆ; ಅದು ಸದ್ಯಕ್ಕೆ ನನ್ನಲ್ಲಿಯೇ ಇರಲಿ.

ಲೆಕ್ಕ ಸರಿಯೆಂಬುದಕ್ಕೆ ಸಾಕ್ಷಿ ಡಿಸ್ಟ್ರಿಬ್ಯೂಟರಿನಲ್ಲಿ ಸಿಕ್ಕಿತು. ಲೈಟ್ 10 ತೋರಿಸುತ್ತಿದ್ದಾಗ ಸ್ಪಾರ್ಕ್ ನಿಜಕ್ಕೂ ಟಿಡಿಸಿ ದಾಟಿ 2 ಡಿಗ್ರಿ ಆದ ಮೇಲೆ ಬೀಳುತ್ತಿತ್ತು. ಕ್ಯಾಮ್ 18 ಡಿಗ್ರಿ ಮುಂದೆ ಹೋದ ಮೇಲೆ, ಡಿಸ್ಟ್ರಿಬ್ಯೂಟರ್ ಮುಟ್ಟದೆಯೇ, ನಿಜವಾದ ಟಿಡಿಸಿಯಿಂದ ಅಳೆದರೆ 16 ಮುಂಚೆ ಬರಬೇಕಿತ್ತು, 16ರಲ್ಲೇ ಬಂತು.

ಕಿವಿಯಿಂದ ಕೂಡಿಸಿದರೆ ಸಾಕು ಎನ್ನುವವರಿಗಾಗಿ ವ್ಯಾಕ್ಯೂಮ್ ಗೇಜ್ ನೋಡಿ ಕೂಡಿಸುವ ಪ್ರಯೋಗವನ್ನೂ ಮಾಡಿದೆ. ಮುಳ್ಳು ಅತಿ ಹೆಚ್ಚು ಏರಿದ ಕಡೆಯಿಂದ ಒಂದು ಇಂಚು ಇಳಿಸಿ ನಿಲ್ಲಿಸಿದರೂ 18 ಡಿಗ್ರಿಯ ಮೇಲಿತ್ತು, ಏರಿನಲ್ಲಿ ನಾಕಿಂಗ್ (ಇಂಧನ ತಾನಾಗಿ ಸಿಡಿಯುವ ಬಡಿತ). ಫೇಸಿಂಗಿನಿಂದ ಕಂಪ್ರೆಷನ್ ಅನುಪಾತ ಏರಿದ ಹೆಡ್ಡಿಗೆ ಸ್ಪಾರ್ಕನ್ನು ಅಷ್ಟು ಮುಂಚೆ ಕೊಡುವುದು (ಅಡ್ವಾನ್ಸ್) ಸಲ್ಲದು. ಕೊನೆಗೆ ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಪೈಪ್ ಕಳಚಿ ಮುಚ್ಚಿ, 800–850 ಆರ್‌ಪಿಎಂನಲ್ಲಿ 8 ಡಿಗ್ರಿಗೆ ನಿಲ್ಲಿಸಿದೆ. 3000ದಲ್ಲಿ ಒಟ್ಟು 32ರ ಸುತ್ತ ಬರುತ್ತದೆ. ವೇಗಕ್ಕೆ ತಕ್ಕಂತೆ ಸ್ಪಾರ್ಕನ್ನು ಮುಂಚೆ ತರುವ, ಡಿಸ್ಟ್ರಿಬ್ಯೂಟರ್ ಒಳಗಿನ ತೂಕಗಳ ಸ್ಪ್ರಿಂಗುಗಳನ್ನೂ ತುಸು ಬದಲಿಸಿದ್ದೇನೆ, ಯಾವುದೆಂದು ಕೇಳಬೇಡಿ.

ಇನ್ನೊಂದು ಪ್ರಯೋಗ: ಕ್ಯಾಮ್ ಪುಲ್ಲಿಯ ಕೀಲಿಯನ್ನು (ಪುಲ್ಲಿಯನ್ನು ದಂಡಕ್ಕೆ ಹಿಡಿದಿಡುವ ಲೋಹದ ತುಂಡು) ಅರ್ಧ ಮಿ.ಮೀ. ಮೆಟ್ಟಿಲಾಗಿ ಅರದಿಂದ ಉಜ್ಜಿ, ಕ್ಯಾಮನ್ನು ಕ್ರ್ಯಾಂಕಿನ ಲೆಕ್ಕದಲ್ಲಿ ನಾಲ್ಕು ಡಿಗ್ರಿ ಮುಂದೆ ತಂದೆ. ಕೆಳ ವೇಗದಲ್ಲಿ ಎಳೆತ ಸೊಗಸಾಯಿತು, 4000 ದಾಟಿದ ಮೇಲೆ ಉಸಿರು ಕಟ್ಟಿತು. ಒಂದು ವಾರದಲ್ಲಿ ಹಳೆಯ ಕೀಲಿಗೇ ಮರಳಿದೆ.

ಈಗ ಕಂಪ್ರೆಷನ್ 170ರ ಹತ್ತಿರ, ನಾಲ್ಕೂ ಸಿಲಿಂಡರುಗಳ ನಡುವಿನ ವ್ಯತ್ಯಾಸ ಐದರೊಳಗೆ. ಐಡ್ಲಿಂಗ್‌ನಲ್ಲಿ ವ್ಯಾಕ್ಯೂಮ್ 19 ಇಂಚು. ರಿಂಗ್ ಎಂದಿದ್ದ ಮೆಕ್ಯಾನಿಕ್ ತಾವೇ ಗೇಜ್ ಹಾಕಿ ನೋಡಿ, ಏನೂ ಹೇಳದೆ ಪಿಸ್ಟನ್ ಸ್ಟಾಪಿನ ಬೋಲ್ಟ್ ಅಳತೆ ಬರೆದುಕೊಂಡು ಹೋದರು. ಫೇಸಿಂಗಿನಿಂದ ಹಿಂದೆ ಬಿದ್ದ ಆ ಒಂದು ಡಿಗ್ರಿಯನ್ನು ಹಾಗೆಯೇ ಬಿಟ್ಟಿದ್ದೇನೆ. ಮುಂದಿನ ಬಾರಿ ಬೆಲ್ಟ್ ಬದಲಾಯಿಸುವಾಗ ಅದಕ್ಕೆ ತಕ್ಕ ಇನ್ನೊಂದು ಕೀಲಿ ಉಜ್ಜುವುದಿದೆ.