9 ಬಂದ ಕಾರ್ಡನ್ನು 10ರ ಆಸೆಗೆ ಮತ್ತೆ ಕಳಿಸಬೇಕಾ?

ಸಂಗ್ರಹದ ಕಾರ್ಡುಗಳ ಸ್ಥಿತಿ ನೋಡಿ 10ರವರೆಗೆ ಗ್ರೇಡ್ ಹಾಕಿ, ಸ್ಲ್ಯಾಬ್ ಎನ್ನುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕೊಡುವ ಕಂಪನಿಗಳಿವೆ. 9 ಬಂದವರಿಗೆ 10ರ ಆಸೆ ಹುಟ್ಟುತ್ತದೆ. ಮೊದಲು ನನ್ನ ದಡ್ಡತನ ಹೇಳಿಬಿಡುತ್ತೇನೆ. 1999ರ ಪೊಕೆಮಾನ್ ಬೇಸ್ ಸೆಟ್‌ನ ಚಾರಿಝಾರ್ಡ್ ಕಾರ್ಡ್ ಒಂದಿತ್ತು. ಫಸ್ಟ್ ಎಡಿಷನ್ ಅಲ್ಲ, ಸಾಮಾನ್ಯದ್ದು, ಗ್ರೇಡ್ 8. ನನ್ನ ಕಣ್ಣಿಗೆ ಮಾತ್ರ ಅದು 9. ಎರಡು ವಾರ ದಿನಾ ಊಟ ಆದಮೇಲೆ ಅದನ್ನೇ ತಿರುಗಿಸಿ ತಿರುಗಿಸಿ ನೋಡಿ, ಕೊನೆಗೆ ಸ್ಲ್ಯಾಬ್ ಒಡೆದು ಮತ್ತೆ ಕಳಿಸಿದೆ. 7 ಬಂತು. ಹಿಂಬದಿಯ ನೀಲಿ ಅಂಚಿನಲ್ಲಿ, ಬೆಳಕು ಓರೆಯಾಗಿ ಬಿದ್ದರೆ ಮಾತ್ರ ಕಾಣುವ ಒಂದು ಚಿಕ್ಕ ತಗ್ಗು ಇತ್ತು. ಮೊದಲ ಸಲ ನೋಡಿದವರ ಕಣ್ಣಿಗೆ ಅದು ಬಿದ್ದಿರಲಿಲ್ಲ, ಎರಡನೇ ಸಲ ಬಿತ್ತು. ಗ್ರೇಡ್ ಹಾಕುವವರು ತಪ್ಪು ಮಾಡುತ್ತಾರೆ ಎಂದು ನಾವೆಲ್ಲ ಗೊಣಗುತ್ತೇವೆ, ಆದರೆ ಆ ತಪ್ಪು ನಮಗೇ ಲಾಭ ಮಾಡಿಕೊಟ್ಟಿರಬಹುದು ಅಂತ ಯಾರಿಗೂ ಹೊಳೆಯುವುದಿಲ್ಲ, ಅಲ್ವಾ?

ಹಾಗಾಗಿ ಮೊದಲ ಕೆಲಸ, ನಿಮ್ಮ ಕಾರ್ಡಿಗೆ 9 ಯಾಕೆ ಬಂತು ಅಂತ ಹುಡುಕುವುದು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಲೂಪ್, ಒಂದು ಎಲ್‌ಇಡಿ ಟಾರ್ಚ್, ಒಂದು ಪಾರದರ್ಶಕ ಸ್ಕೇಲ್ ಸಾಕು. ಕೋಣೆಯ ದೀಪ ಆರಿಸಿ, ಟಾರ್ಚನ್ನು ಪಕ್ಕದಿಂದ ಹಿಡಿದು ಕಾರ್ಡನ್ನು ನಿಧಾನವಾಗಿ ಓಲಾಡಿಸಿ. ಗೀರು ಕಂಡರೆ ಅದು ಪ್ಲಾಸ್ಟಿಕ್ ಮೇಲಿದೆಯಾ, ಕಾರ್ಡ್ ಮೇಲಿದೆಯಾ ನೋಡಿ. ಓಲಾಡಿಸುವಾಗ ಗೀರು ಚಿತ್ರದ ಮೇಲೆ ಜಾರಿದಂತೆ ಕಂಡರೆ ಅದು ಡಬ್ಬಿಯದು. ಚಿತ್ರಕ್ಕೆ ಅಂಟಿಕೊಂಡೇ ಇದ್ದರೆ ಕಾರ್ಡಿನದು, ಕಥೆ ಅಲ್ಲಿಗೆ ಮುಗೀತು. ಕೆಲವು ಹೊಲೊ, ಅಂದರೆ ಮಿರುಗುವ ಕಾರ್ಡುಗಳಲ್ಲಿ ಪ್ರಿಂಟ್ ಲೈನ್ ಅಂತ ಒಂದು ಉದ್ದ ಗೆರೆ ಇರುತ್ತದೆ. ಅದು ಕಾರ್ಖಾನೆಯಲ್ಲೇ ಬಂದದ್ದು, ನಿಮ್ಮ ತಪ್ಪಲ್ಲ, ಆದರೂ ಗ್ರೇಡ್ ಇಳಿಯುವುದು ನಿಮ್ಮ ಕಾರ್ಡಿನದೇ.

ಆಮೇಲೆ ಸೆಂಟರಿಂಗ್, ಅಂದರೆ ಚಿತ್ರ ಕಾರ್ಡಿನ ನಟ್ಟನಡುವೆ ಇದೆಯಾ ಅನ್ನುವುದು. ಇದು ಅಳೆದು ಹೇಳಬಹುದಾದ ಒಂದೇ ಒಂದು ವಿಷಯ, ಆದ್ದರಿಂದ ಇಲ್ಲಿ ಆಸೆಗೆ ಜಾಗ ಇಲ್ಲ. ಎಡ ಅಂಚು 3 ಮಿ.ಮೀ., ಬಲ ಅಂಚು 2 ಮಿ.ಮೀ. ಇದ್ದರೆ ಅದು 60/40. ಪಿಎಸ್ಎ ಎನ್ನುವ ಗ್ರೇಡಿಂಗ್ ಕಂಪನಿಯಲ್ಲಿ 10 ಬರಬೇಕಾದರೆ ಮುಂಬದಿ 55/45ರ ಒಳಗಿರಬೇಕು, ಹಿಂಬದಿಗೆ 75/25ರವರೆಗೆ ವಿನಾಯಿತಿ ಇದೆ. ಮೊದಲು ಮುಂಬದಿಗೆ 60/40ರವರೆಗೂ ಬಿಡುತ್ತಿದ್ದರು, ಈಗ ಬಿಗಿ ಮಾಡಿದ್ದಾರೆ. ಹಳೆ 9 ಒಂದನ್ನು ಇವತ್ತಿನ ಅಳತೆಗೆ ಕಳಿಸುತ್ತಿದ್ದೀರಿ ಅನ್ನುವುದು ನೆನಪಿರಲಿ. ಸೆಂಟರಿಂಗ್ ಸಾಲದಿದ್ದರೆ ಎಷ್ಟು ಸಲ ಕಳಿಸಿದರೂ ಕಾರ್ಡ್ ನಡುವಿಗೆ ಬಂದು ಕೂರುವುದಿಲ್ಲ.

ಬೆಕೆಟ್ ಎನ್ನುವ ಇನ್ನೊಂದು ಕಂಪನಿಯ ಸ್ಲ್ಯಾಬ್ ಆದರೆ ಅರ್ಧ ಕೆಲಸ ಕಡಿಮೆ. ಸೆಂಟರಿಂಗ್, ಮೂಲೆ, ಅಂಚು, ಮೇಲ್ಮೈ ನಾಲ್ಕಕ್ಕೂ ಬೇರೆ ಬೇರೆ ಅಂಕ ಬರೆದಿದ್ದರೆ ಎಲ್ಲಿ ಸೋತಿದೆ ಎಂದು ಲೇಬಲ್ಲೇ ಹೇಳುತ್ತದೆ.

ಹುಡುಕಿ ಹುಡುಕಿ ಏನೂ ಸಿಗಲಿಲ್ಲ ಅಂದರೆ? ಒಂದು ದಿನ ಬಿಟ್ಟು ಮತ್ತೆ ನೋಡಿ. ಇನ್ನೊಬ್ಬರ ಕೈಗೂ ಕೊಡಿ, ಆದರೆ ಗ್ರೇಡ್ ಮುಚ್ಚಿ ಕೊಡಿ.

ಈಗ ದುಡ್ಡಿನ ಲೆಕ್ಕ. ಬಹಳ ಜನ ಇದನ್ನೇ ಮಾಡುವುದಿಲ್ಲ. ಒಂದು ಉದಾಹರಣೆ, ಅಂಕಿಗಳು ನಾನು ಸುಮ್ನೆ ಇಟ್ಟುಕೊಂಡವು. 9ಕ್ಕೆ 200 ಡಾಲರ್, 10ಕ್ಕೆ 600, 8ಕ್ಕೆ 120 ಅನ್ನಿ. ಗ್ರೇಡಿಂಗ್ ಫೀ, ಅಂಚೆ, ವಿಮೆ ಸೇರಿ 50 ಡಾಲರ್ ಖರ್ಚು. ಇಂಥ ಹತ್ತು ಕಾರ್ಡಿನಲ್ಲಿ ಒಂದು 10 ಆಗುತ್ತದೆ ಅಂದುಕೊಂಡರೆ ಒಂದು ಕಾರ್ಡಿಗೆ ಬರುವ ಲಾಭ 40 ಡಾಲರ್. ಹತ್ತರಲ್ಲಿ ಒಂದು 8ಕ್ಕೆ ಬಿದ್ದರೆ ಅದರ ಪಾಲಿನ ನಷ್ಟ 8. ಖರ್ಚಿನ 50 ಸೇರಿಸಿದರೆ 58 ಹೋಗಿ 40 ಬಂತು. ಅಂದರೆ ಬೆಲೆಯ ಅಂತರ ಮೂರು ಪಟ್ಟು ಇದ್ದೂ ಇದು ನಷ್ಟದ ವ್ಯಾಪಾರ. ಇಂಡಿಯಾದಿಂದ ಕಳಿಸುವವರು ಹೋಗಿಬರುವ ಕೊರಿಯರ್ ಮತ್ತು ಕಸ್ಟಮ್ಸ್ ಕೂಡ ಸೇರಿಸಿ ನೋಡಿ, ಸಣ್ಣ ಬೆಲೆಯ ಕಾರ್ಡುಗಳ ಆಸೆ ಅಲ್ಲೇ ಬಿಟ್ಟುಹೋಗುತ್ತದೆ. ಬೆಲೆ ನೋಡುವಾಗ ಇಬೇಯಲ್ಲಿ ಕೇಳುತ್ತಿರುವ ರೇಟ್ ಅಲ್ಲ, ನಿಜಕ್ಕೂ ಮಾರಾಟವಾದ ರೇಟ್ ನೋಡಿ. ಇನ್ನೊಂದು ಸಣ್ಣ ಕುತ್ತು: ಫೀ ದರ್ಜೆ ಕಾರ್ಡಿನ ಬೆಲೆಯ ಮೇಲೆ ನಿಂತಿದೆ, 10 ಬಂದು ಬೆಲೆ ನೀವು ಕಟ್ಟಿದ ದರ್ಜೆಯ ಮಿತಿ ದಾಟಿದರೆ ಕಂಪನಿ ಮೇಲಿನ ದರ್ಜೆಯ ಫೀ ವಸೂಲಿ ಮಾಡುತ್ತದೆ.

ಪಾಪ್ಯುಲೇಷನ್ ರಿಪೋರ್ಟ್ ಅಂತ ಇದೆಯಲ್ಲ, ಯಾವ ಕಾರ್ಡಿಗೆ ಯಾವ ಗ್ರೇಡ್ ಎಷ್ಟು ಬಂದಿದೆ ಎನ್ನುವ ಪಟ್ಟಿ, ಅದನ್ನು ತೆರೆದು ಕೂರಿ. 1986ರಲ್ಲಿ ಫ್ಲೀರ್ ಕಂಪನಿ ತಂದ, ಬಾಸ್ಕೆಟ್‌ಬಾಲ್ ಆಟಗಾರ ಮೈಕಲ್ ಜೋರ್ಡನ್‌ನ ರೂಕಿ, ಅಂದರೆ ಆಟದ ಆರಂಭದ ದಿನಗಳ ಕಾರ್ಡನ್ನೇ ತೆಗೆದುಕೊಳ್ಳಿ. ಪಿಎಸ್ಎ ಗ್ರೇಡ್ ಹಾಕಿದ್ದು ಇಪ್ಪತ್ತು ಸಾವಿರಕ್ಕೂ ಜಾಸ್ತಿ, 10 ಬಂದದ್ದು ಮುನ್ನೂರು ಚಿಲ್ಲರೆ. 2021ರ ಜನವರಿಯಲ್ಲಿ ಅದರ 10 ಒಂದು 7,38,000 ಡಾಲರಿಗೆ ಹೋಯಿತು, ಆಮೇಲೆ ಬೆಲೆ ಬಿತ್ತು, ಅದು ಬೇರೆ ಮಾತು. ಇಷ್ಟು ಅಂತರ ಇರುವಾಗ ಚೆನ್ನಾಗಿ ಕಾಣುವ ಬಹಳಷ್ಟು 9ಗಳನ್ನು ಹಿಂದಿನ ಮಾಲೀಕರು ಯಾರೋ ಆಗಲೇ ಮತ್ತೆ ಕಳಿಸಿ ನೋಡಿರಬಹುದು. ನಿಮ್ಮ ಕೈಗೆ ಬಂದಿರುವುದು ಹಾಗೆ ಸೋತು ಬಂದ 9 ಆಗಿರುವ ಸಾಧ್ಯತೆಯೇ ಜಾಸ್ತಿ. ನೀವೇ ಪ್ಯಾಕ್ ಒಡೆದು, ನೀವೇ ಮೊದಲ ಸಲ ಕಳಿಸಿದ ಕಾರ್ಡ್ ಆದರೆ ಲೆಕ್ಕ ಸ್ವಲ್ಪ ನಿಮ್ಮ ಕಡೆಗಿದೆ.

ಲೇಬಲ್ ಮೇಲಿನ ಸಂಖ್ಯೆಯನ್ನು ದೇವರ ಮಾತು ಅಂತಲೂ ನಂಬಬೇಡಿ. 1991ರಲ್ಲಿ ಪಿಎಸ್ಎ ಶುರುವಾದಾಗ ಮೊಟ್ಟಮೊದಲು ಗ್ರೇಡ್ ಹಾಕಿದ್ದು ಹಳೆಯ ಕಾಲದ ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್‌ನ, ಟಿ206 ಎನ್ನುವ ಸರಣಿಯ ಕಾರ್ಡಿಗೆ, 8 ಕೊಟ್ಟರು. ಅದರ ಅಂಚು ಕತ್ತರಿಸಿದ್ದು ನಾನೇ ಎಂದು ವ್ಯಾಪಾರಿ ಬಿಲ್ ಮಾಸ್ಟ್ರೊ 2013ರಲ್ಲಿ ಒಪ್ಪಿಕೊಂಡ. ಅಂಚು ಕತ್ತರಿಸಿದ ಕಾರ್ಡಿಗೆ ಗ್ರೇಡೇ ಸಿಗಬಾರದು.

ಇಷ್ಟಾದ ಮೇಲೂ ಕಳಿಸಬೇಕು ಅನ್ನಿಸಿದರೆ, ಮೊದಲು ಸ್ಲ್ಯಾಬ್ ಒಡೆಯದೆ ಕಳಿಸುವ ದಾರಿ ನೋಡಿ. ಅದೇ ಕಂಪನಿಗೆ ರಿವ್ಯೂ ಎಂದು ಕಳಿಸಿದರೆ, ಗ್ರೇಡ್ ಏರದಿದ್ದಾಗ ಇದ್ದ ಗ್ರೇಡೇ ಉಳಿದು ವಾಪಸ್ ಬರುತ್ತದೆ. ಬೇರೆ ಕಂಪನಿಗೆ ಕಳಿಸುವುದು ಕ್ರಾಸ್‌ಓವರ್. ಇಷ್ಟಕ್ಕಿಂತ ಕಡಿಮೆ ಆದರೆ ಒಡೆಯಬೇಡಿ ಎಂದು ಅರ್ಜಿಯಲ್ಲೇ ಕನಿಷ್ಠ ಗ್ರೇಡ್ ಬರೆಯಬಹುದು. ಎರಡರಲ್ಲೂ ಗ್ರೇಡ್ ಏರಲಿ ಬಿಡಲಿ ಫೀ ಹೋಗುತ್ತದೆ. ಪಿಎಸ್ಎಯಲ್ಲಿ 9.5 ಇಲ್ಲ, ಆದ್ದರಿಂದ ಬೆಕೆಟ್ 9.5 ಇಟ್ಟುಕೊಂಡವರು ಪಿಎಸ್ಎ 10ರ ಆಸೆಗೆ ಕ್ರಾಸ್‌ಓವರ್ ಮಾಡುತ್ತಾರೆ. ನನ್ನ ಪ್ರಕಾರ ಇಡೀ ಆಟದಲ್ಲಿ ಸ್ವಲ್ಪ ಅರ್ಥ ಇರುವುದು ಇಲ್ಲೇ.

ಪ್ಲಾಸ್ಟಿಕ್ ಮೂಲಕ ನೋಡಿ ಗ್ರೇಡ್ ಹಾಕುವವರು ಅಂಕ ಕೊಡುವಾಗ ಜಿಪುಣರು, ಒಡೆದು ಕಳಿಸಿದರೇ ಒಳ್ಳೆಯದು ಅನ್ನುವವರಿದ್ದಾರೆ. ಇರಬಹುದು. ಆದರೆ ಒಡೆದ ಕ್ಷಣ ನಿಮ್ಮ 9 ಹೋಯಿತು, ಕೈಯಲ್ಲಿರುವುದು ಬರೀ ಕಾರ್ಡ್. ಮುಂದೆ 8 ಬರಬಹುದು, ಅಂಚು ಕತ್ತರಿಸಿದಂತಿದೆ ಎಂದು ಗ್ರೇಡೇ ಇಲ್ಲದೆ ವಾಪಸ್ ಬರಬಹುದು.

ಒಡೆಯುವುದೇ ಆದರೆ ಮೊದಲು ಡಬ್ಬಿಯ ನಾಲ್ಕೂ ಕಡೆಯಿಂದ ಫೋಟೊ ತೆಗೆದಿಟ್ಟುಕೊಳ್ಳಿ. ಕಣ್ಣಿಗೆ ಕನ್ನಡಕ ಇರಲಿ, ಚೂರುಗಳು ಹಾರುತ್ತವೆ. ಕಟಿಂಗ್ ಪ್ಲೈಯರ್‌ನಿಂದ ಲೇಬಲ್ ಇರುವ ಕಡೆಯ ಮೂಲೆಯನ್ನು ಚಿವುಟಿದ ಹಾಗೆ ಕತ್ತರಿಸಿ, ಬಾಯಿ ಬಿಟ್ಟ ಮೇಲೆ ಎರಡು ಹೋಳನ್ನು ನಿಧಾನವಾಗಿ ಬಿಡಿಸಿ. ಸುತ್ತಿಗೆ, ಸ್ಕ್ರೂಡ್ರೈವರ್ ಹತ್ತಿರವೂ ಬೇಡ. ಬೆರಳಚ್ಚು ಇದ್ದರೆ ಒಣ ಮೈಕ್ರೊಫೈಬರ್ ಬಟ್ಟೆಯಲ್ಲಿ ಹಗುರವಾಗಿ ಒಮ್ಮೆ ಒರೆಸಿ, ಅಷ್ಟೇ. ಬಣ್ಣ ತುಂಬುವುದು, ಒತ್ತಿ ನೇರ ಮಾಡುವುದು, ಅಂಚು ಸವರುವುದು ಮೋಸ. ಕಾರ್ಡನ್ನು ತೆಳು ಕವರಿಗೆ ಹಾಕಿ, ಆಮೇಲೆ ಬಾಗುವ ತರಹದ ಸೆಮಿ ರಿಜಿಡ್ ಹೋಲ್ಡರಿಗೆ ಸೇರಿಸಿ. ಹಳೆ ಲೇಬಲ್ ಕಸಕ್ಕೆ ಎಸೆಯಬೇಡಿ, ಕಂಪನಿಗೆ ವಾಪಸ್ ಕೊಡಿ. ಇಲ್ಲದಿದ್ದರೆ ಪಾಪ್ಯುಲೇಷನ್ ಪಟ್ಟಿಯಲ್ಲಿ ನಿಮ್ಮ ಒಂದೇ ಕಾರ್ಡ್ ಎರಡು ಕಾರ್ಡ್ ಆಗಿ ಕೂರುತ್ತದೆ.